ಪೈಪ್‌ಲೈನ್ ಹಸಿರು, ಲೆಕ್ಕ ಮಾತ್ರ ತಪ್ಪು: ಎಸ್‌ಕ್ಯೂಎಲ್ ಸ್ಕ್ರಿಪ್ಟ್‌ನಲ್ಲಿ ಏನಾಗುತ್ತಿದೆ?

ಓದುಗರ ಪ್ರಶ್ನೆ: "ನಾನು ಮಂಗಳೂರಿನಲ್ಲಿ ಒಂದು ಸೂಪರ್‌ಮಾರ್ಕೆಟ್ ಸರಣಿಯ ಡೇಟಾ ಟೀಮ್‌ನಲ್ಲಿದ್ದೇನೆ. ಎಲ್ಲ ಅಂಗಡಿಗಳ ಬಿಲ್ಲುಗಳು ದಿನಾ ನಸುಕಿನ 1:30ಕ್ಕೆ ಅಜೂರ್ ಡೇಟಾ ಫ್ಯಾಕ್ಟರಿಯ (ಡೇಟಾ ಸಾಗಿಸುವ ಮೈಕ್ರೋಸಾಫ್ಟ್ ಕ್ಲೌಡ್ ಸೇವೆ) ಪೈಪ್‌ಲೈನ್ ಮೂಲಕ ರಿಪೋರ್ಟಿಂಗ್ ಡೇಟಾಬೇಸ್‌ಗೆ ಬರುತ್ತವೆ. ಮೊದಲು ಕಳೆದ ಏಳು ದಿನದ ಬಿಲ್ಲುಗಳು ಸ್ಟೇಜಿಂಗ್ ಟೇಬಲ್‌ಗೆ (ಡೇಟಾ ಮೊದಲು ಬಂದು ಇಳಿಯುವ ಟೇಬಲ್) ಕಾಪಿ ಆಗುತ್ತವೆ. ಆಮೇಲೆ ಒಂದು ಉದ್ದದ ಎಸ್‌ಕ್ಯೂಎಲ್ ಸ್ಕ್ರಿಪ್ಟ್ ಅಂಗಡಿಗೊಂದರಂತೆ ಲೂಪ್ ಮಾಡಿ, ನಿನ್ನೆಯ ಮಾರಾಟವನ್ನು ಮುಖ್ಯ ಟೇಬಲ್‌ಗೆ ಸೇರಿಸುತ್ತದೆ. 'ನಿನ್ನೆ' ಅಂದರೆ ಗೆಟ್‌ಡೇಟ್ (ಈಗಿನ ತಾರೀಕು, ಸಮಯ ಕೊಡುವ ಫಂಕ್ಷನ್) ಮೈನಸ್ ಒಂದು ದಿನ. ಟ್ರೈ-ಕ್ಯಾಚ್ ಇದೆ, ಎರರ್ ಬಂದರೆ ಲಾಗ್ ಟೇಬಲ್‌ಗೆ ಬರೆಯುತ್ತದೆ. ಆಫೀಸಿನ ಸರ್ವರ್‌ನಲ್ಲಿ ಇದೇ ಸ್ಕ್ರಿಪ್ಟ್ ವರ್ಷಗಟ್ಟಲೆ ಸರಿಯಾಗಿ ಓಡಿತ್ತು. ಡೇಟಾಬೇಸ್ ಅಜೂರ್ ಎಸ್‌ಕ್ಯೂಎಲ್‌ಗೆ ಹೋದ ಮೇಲೆ ಕಾಟ ಶುರುವಾಗಿದೆ. ಕಳೆದ ತಿಂಗಳು 10ರ ನಸುಕಿನಲ್ಲಿ ನೆಟ್‌ವರ್ಕ್ ಕೈಕೊಟ್ಟು ಪೈಪ್‌ಲೈನ್ ಫೇಲ್ ಆಯಿತು. ಬೆಳಿಗ್ಗೆ 10 ಗಂಟೆಗೆ ನಾನೇ ಮತ್ತೆ ಓಡಿಸಿದೆ, ಹಸಿರು ಟಿಕ್ ಬಂತು. ಆಮೇಲೆ ನೋಡಿದರೆ 8ನೇ ತಾರೀಕಿನ ಮಾರಾಟ ಇಲ್ಲವೇ ಇಲ್ಲ, 9ನೇ ತಾರೀಕಿನದು ಸರಿಯಾಗಿ ಎರಡು ಪಟ್ಟು! ಇನ್ನೊಂದು ದಿನ ಮೂರು ಅಂಗಡಿಗಳ ಲೆಕ್ಕವೇ ಬಂದಿರಲಿಲ್ಲ, ಅಂದೂ ಹಸಿರೇ. ರಿಪೋರ್ಟ್ ಈಗ ಒಂದು ದಿನ ಹಿಂದೆ ಬೇರೆ ಬೀಳುತ್ತಿದೆ. 'ಕ್ಲೌಡ್ ಅಲ್ವಾ, ಸ್ವಲ್ಪ ನಿಧಾನ' ಅಂತ ಮ್ಯಾನೇಜರ್ ಸುಮ್ಮನಾಗಿದ್ದಾರೆ. ನಮ್ಮ ಸೀನಿಯರ್ 'ಪೈಪ್‌ಲೈನ್ ಒಳಗೆ ಸ್ಕ್ರಿಪ್ಟ್ ಓಡಿಸೋದೇ ತಪ್ಪು, ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಉಳಿಸಿಡುವ ಸ್ಕ್ರಿಪ್ಟ್) ಮಾಡು' ಅನ್ನುತ್ತಾರೆ. ಕನ್ಸಲ್ಟೆಂಟ್ ಒಬ್ಬರು 'ಎಸ್‌ಕ್ಯೂಎಲ್ ಬಿಟ್ಟು ಡೇಟಾ ಫ್ಲೋಗೆ ಹೋಗಿ' ಅನ್ನುತ್ತಾರೆ. ಅಥವಾ ಫೇಲ್ ಆದರೆ ತಾನಾಗಿ ಮತ್ತೆ ಓಡುವಂತೆ ರಿಟ್ರೈ 3 ಅಂತ ಇಟ್ಟರೆ ಸಾಕಾ?"

ಉತ್ತರ:

ರಿಟ್ರೈ ಸಂಖ್ಯೆಗೆ ದಯವಿಟ್ಟು ಇನ್ನೂ ಕೈ ಹಾಕಬೇಡಿ. ಈಗಿನ ಸ್ಕ್ರಿಪ್ಟ್ ಇಟ್ಟುಕೊಂಡು ರಿಟ್ರೈ ಹೆಚ್ಚಿಸಿದರೆ ಡಬಲ್ ಲೆಕ್ಕವೇ ಜಾಸ್ತಿಯಾಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಂದು ಸಮಯದ್ದು, ಒಂದು ಟ್ರಾನ್ಸಾಕ್ಷನ್‌ನದು (ಎಲ್ಲ ಹೆಜ್ಜೆಯೂ ಆಗಬೇಕು, ಇಲ್ಲವೇ ಒಂದೂ ಆಗಬಾರದು ಅನ್ನುವ ಕಟ್ಟು), ಒಂದು ಕ್ಯಾಚ್ ಬ್ಲಾಕ್‌ನದು. ಸ್ಕ್ರಿಪ್ಟ್ ಎಲ್ಲಿ ಕುಳಿತಿದೆ ಅನ್ನುವ ನಿಮ್ಮ ಸೀನಿಯರ್ ಮತ್ತು ಕನ್ಸಲ್ಟೆಂಟ್ ಜಗಳಕ್ಕೂ ಈ ಮೂರಕ್ಕೂ ಸಂಬಂಧ ಕಡಿಮೆ.

ಮೊದಲು 8 ಮತ್ತು 9ರ ರಹಸ್ಯ. ಅಜೂರ್ ಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಗಡಿಯಾರ ಯಾವಾಗಲೂ ಯುಟಿಸಿ, ಅಂದರೆ ಭಾರತದ ಸಮಯಕ್ಕಿಂತ 5:30 ಗಂಟೆ ಹಿಂದಿರುವ ಜಾಗತಿಕ ಸಮಯ. ನೀವು ಯಾವ ಊರಿನ ಡೇಟಾ ಸೆಂಟರ್ ಆರಿಸಿಕೊಂಡರೂ ಗೆಟ್‌ಡೇಟ್ ಕೊಡುವುದು ಯುಟಿಸಿ ಸಮಯವನ್ನೇ. ನಿಮ್ಮ ಹಳೆಯ ಸರ್ವರ್ ಮಂಗಳೂರಿನಲ್ಲಿತ್ತು, ವಿಂಡೋಸ್‌ನಲ್ಲಿ ಭಾರತದ ಸಮಯ ಇತ್ತು, ಗೆಟ್‌ಡೇಟ್ ಅದನ್ನೇ ಕೊಡುತ್ತಿತ್ತು. ಸ್ಕ್ರಿಪ್ಟ್‌ನಲ್ಲಿ ಒಂದಕ್ಷರವೂ ಬದಲಾಗದೆ ಅದರ ಅರ್ಥ ಬದಲಾಗಿದೆ.

ಲೆಕ್ಕ ಹಾಕಿ ನೋಡಿ. 10ರ ನಸುಕಿನ 1:30 ಅಂದರೆ ಯುಟಿಸಿಯಲ್ಲಿ 9ರ ರಾತ್ರಿ 8 ಗಂಟೆ. ಅದರಲ್ಲಿ ಒಂದು ದಿನ ಕಳೆದರೆ 8. ಅಂದರೆ ಆ ರಾತ್ರಿಯ ರನ್ ತೆಗೆದುಕೊಳ್ಳಬೇಕಿದ್ದುದು 8ರ ಮಾರಾಟ. ಅದು ಫೇಲ್ ಆಯಿತು. ಬೆಳಿಗ್ಗೆ 10ಕ್ಕೆ ನೀವು ಓಡಿಸಿದಾಗ ಯುಟಿಸಿಯಲ್ಲಿ 10ನೇ ತಾರೀಕು, ಬೆಳಗಿನ 4:30. ಒಂದು ದಿನ ಕಳೆದರೆ 9. ಹಾಗಾಗಿ 9ರ ಮಾರಾಟ ಒಳಗೆ ಹೋಯಿತು. 11ರ ನಸುಕಿನ 1:30ಕ್ಕೆ ಎಂದಿನ ರನ್ ಬಂತು. ಆಗ ಯುಟಿಸಿ 10ರ ರಾತ್ರಿ 8, ಒಂದು ಕಳೆದರೆ ಮತ್ತೆ 9! ಹೀಗೆ 9 ಎರಡು ಸಲ ಸೇರಿತು, 8 ಯಾರಿಗೂ ಬೇಡವಾಯಿತು. ಸ್ಟೇಜಿಂಗ್‌ನಲ್ಲಿ ಏಳು ದಿನದ ಡೇಟಾ ಇದ್ದುದರಿಂದ ಎರಡು ಸಲವೂ 9ರ ಬಿಲ್ಲುಗಳು ಕೈಗೆ ಸಿಕ್ಕವು, ಯಾರೂ ದೂರಲಿಲ್ಲ.

ರಿಪೋರ್ಟ್ ಒಂದು ದಿನ ಹಿಂದೆ ಬೀಳುತ್ತಿರುವುದಕ್ಕೂ ಇದೇ ಕಾರಣ. ಕ್ಲೌಡ್ ನಿಧಾನವಾಗಿಲ್ಲ. ಪೈಪ್‌ಲೈನ್ ದಿನಾ ಶ್ರದ್ಧೆಯಿಂದ ಮೊನ್ನೆಯ ಲೆಕ್ಕ ತರುತ್ತಿದೆ. ಮ್ಯಾನೇಜರ್‌ಗೆ ಇದನ್ನು ಹೇಳಿ, ಆದರೆ ಸ್ವಲ್ಪ ಮೆತ್ತಗೆ ಹೇಳಿ.

ಇದಕ್ಕೆ ಸುಲಭದ ಪರಿಹಾರ ಅಂತ ಎಲ್ಲರೂ ಹೇಳುವುದು ಎಟ್ ಟೈಮ್ ಝೋನ್, ಒಂದು ದೇಶದ ಸಮಯವನ್ನು ಇನ್ನೊಂದಕ್ಕೆ ತಿರುಗಿಸುವ ಎಸ್‌ಕ್ಯೂಎಲ್ ಪದ. ಇದು ಎಸ್‌ಕ್ಯೂಎಲ್ ಸರ್ವರ್ 2016ರಿಂದ ಇದೆ, ಅಜೂರ್‌ನಲ್ಲೂ ಇದೆ. ಒಂದು ಎಚ್ಚರಿಕೆ: ಗೆಟ್‌ಡೇಟ್‌ಗೆ ನೇರವಾಗಿ 'ಇಂಡಿಯಾ ಸ್ಟ್ಯಾಂಡರ್ಡ್ ಟೈಮ್' ಅಂತ ಒಂದೇ ಸಲ ಹಚ್ಚಿದರೆ ಗಡಿಯಾರ ಮುಂದೆ ಸರಿಯುವುದಿಲ್ಲ. ಇರುವ ಯುಟಿಸಿ ಸಮಯಕ್ಕೆ ಭಾರತದ ಹಣೆಪಟ್ಟಿ ಅಂಟುತ್ತದೆ, ಅಷ್ಟೇ. ಮೊದಲು 'ಯುಟಿಸಿ' ಅಂತ ಹಚ್ಚಿ, ಅದರ ಮೇಲೆ ಇನ್ನೊಮ್ಮೆ ಭಾರತದ ಸಮಯ ಹಚ್ಚಬೇಕು. ಆಗ 5:30 ಗಂಟೆ ಸೇರುತ್ತದೆ.

ಆದರೆ ನಾನು ಇದನ್ನು ಅರ್ಧ ಪರಿಹಾರ ಅಂತಲೇ ಹೇಳುವೆ. ಸ್ಕ್ರಿಪ್ಟ್ ತಾನಾಗಿ ಗಡಿಯಾರ ನೋಡಿ ತಾರೀಕು ನಿರ್ಧರಿಸಬಾರದು. ಇದೇ ಪೈಪ್‌ಲೈನ್‌ ಅನ್ನು ನಾಲ್ಕು ದಿನ ಬಿಟ್ಟು ಓಡಿಸಬೇಕಾಗಿ ಬಂದರೆ? ಆಗ ಭಾರತದ ಸಮಯವೇ ಇದ್ದರೂ 'ನಿನ್ನೆ' ತಪ್ಪೇ. ಯಾವ ದಿನದ ಲೆಕ್ಕ ಅನ್ನುವುದು ಹೊರಗಿನಿಂದ, ಪೈಪ್‌ಲೈನ್ ಪ್ಯಾರಾಮೀಟರ್ ಆಗಿ ಬರಬೇಕು. ಪೈಪ್‌ಲೈನ್ ಎಬ್ಬಿಸುವ ಟ್ರಿಗರ್‌ನ ನಿಗದಿತ ಸಮಯವನ್ನು ಭಾರತದ ಸಮಯಕ್ಕೆ ತಿರುಗಿಸಿ, ಅದರ ಹಿಂದಿನ ದಿನದ ತಾರೀಕು ತೆಗೆದು, ಪ್ಯಾರಾಮೀಟರ್‌ನಲ್ಲಿ ಕೊಡಿ. ಮಾನಿಟರ್ ಪುಟದಿಂದ ರೀರನ್ ಒತ್ತಿದಾಗ ಹಳೆಯ ರನ್‌ನ ಪ್ಯಾರಾಮೀಟರೇ ಹೋಗುತ್ತದೆ. ಬೆಳಿಗ್ಗೆ ಓಡಿಸಿದರೂ, ಮರುದಿನ ಓಡಿಸಿದರೂ ಅದೇ ತಾರೀಕು. ಅಪಾಚೆ ಏರ್‌ಫ್ಲೋ (ಪೈಪ್‌ಲೈನ್ ಓಡಿಸುವ ಇನ್ನೊಂದು ಸಾಧನ) ಬಳಸುವವರಿಗೂ ಇದೇ ಮಾತು. ಟಾಸ್ಕ್ ಒಳಗೆ 'ಈಗಿನ ಸಮಯ' ಬಳಸಬೇಡಿ ಅಂತ ಅದರ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಅಲ್ಲಿ ವೇಳಾಪಟ್ಟಿಯಂತೆ ಓಡುವ ಪ್ರತಿ ರನ್‌ಗೂ ತನ್ನದೇ ಡೇಟಾ ಇಂಟರ್ವಲ್ (ಯಾವ ಅವಧಿಯ ಡೇಟಾ ಅನ್ನುವುದು) ಇರುತ್ತದೆ, ಅದನ್ನೇ ಸ್ಕ್ರಿಪ್ಟ್‌ಗೆ ಕೊಡಬೇಕು.

ಈಗ ಎರಡನೆಯದು, ನನ್ನ ಪ್ರಕಾರ ಇದೇ ಮೂಲ. ನಿಮ್ಮ ಸ್ಕ್ರಿಪ್ಟ್ ಬರೀ ಇನ್ಸರ್ಟ್ ಮಾಡುತ್ತದೆ. ಅದೇ ದಿನದ ಹಳೆಯ ಸಾಲುಗಳಿವೆಯಾ ಅಂತ ನೋಡುವುದಿಲ್ಲ. ಜೊತೆಗೆ ಇಡೀ ಲೂಪ್‌ಗೆ ಒಂದು ಟ್ರಾನ್ಸಾಕ್ಷನ್ ಇರುವ ಸುಳಿವೂ ನಿಮ್ಮ ಪತ್ರದಲ್ಲಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ನೀವು ಬಿಗಿನ್ ಟ್ರಾನ್ಸಾಕ್ಷನ್ ಅಂತ ಬರೆಯದಿದ್ದರೆ ಪ್ರತಿಯೊಂದು ಸ್ಟೇಟ್‌ಮೆಂಟ್ ತನ್ನಷ್ಟಕ್ಕೆ ಕಮಿಟ್ (ಖಾಯಂ) ಆಗುತ್ತಾ ಹೋಗುತ್ತದೆ. ಇಪ್ಪತ್ತು ಅಂಗಡಿಗಳಲ್ಲಿ ಹನ್ನೆರಡು ಮುಗಿದ ಮೇಲೆ ಕನೆಕ್ಷನ್ ಹೋಯಿತು ಅಂದುಕೊಳ್ಳಿ. ಹನ್ನೆರಡರ ಲೆಕ್ಕ ಟೇಬಲ್‌ನಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ರಿಟ್ರೈ ಬಂದು ಮೊದಲಿನಿಂದ ಶುರು ಮಾಡುತ್ತದೆ. ಹನ್ನೆರಡು ಅಂಗಡಿ ಡಬಲ್, ಎಂಟು ಸರಿ. ಇಂಥ ಲೆಕ್ಕ ಕಂಡುಹಿಡಿಯುವುದು ಇಡೀ ದಿನ ಡಬಲ್ ಆಗುವುದಕ್ಕಿಂತ ಕಷ್ಟ. ಮೊತ್ತ ನೋಡಿದರೆ 'ಇವತ್ತು ವ್ಯಾಪಾರ ಚೆನ್ನಾಗಿತ್ತು' ಅನಿಸುತ್ತದೆ, ಅಷ್ಟೇ.

"ಹಾಗಾದರೆ ಸ್ಟೋರ್ಡ್ ಪ್ರೊಸೀಜರ್ ಮಾಡಿದರೆ ಸರಿಹೋಗುತ್ತಾ?" ಇಲ್ಲ. ಪ್ರೊಸೀಜರ್ ಒಳಗಿನದೆಲ್ಲ ತಾನಾಗಿ ಒಂದೇ ಟ್ರಾನ್ಸಾಕ್ಷನ್ ಆಗುತ್ತದೆ ಅನ್ನುವುದು ಹತ್ತಾರು ವರ್ಷ ಅನುಭವ ಇದ್ದವರಲ್ಲೂ ನಾನು ಕಂಡ ನಂಬಿಕೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹಾಗಿಲ್ಲ. ನಿಮ್ಮ ಇದೇ ಸ್ಕ್ರಿಪ್ಟ್‌ ಅನ್ನು ಹಾಗೇ ಪ್ರೊಸೀಜರ್ ಒಳಗೆ ಹಾಕಿದರೆ ಇದೇ ತಪ್ಪುಗಳು ಅಲ್ಲಿಗೆ ಮನೆ ಬದಲಾಯಿಸುತ್ತವೆ.

ಬೇಕಾಗಿರುವುದು ಇಷ್ಟು: ಒಂದೇ ತಾರೀಕಿಗೆ ಸ್ಕ್ರಿಪ್ಟ್ ಎಷ್ಟು ಸಲ ಓಡಿದರೂ ಫಲಿತಾಂಶ ಒಂದೇ ಇರಬೇಕು. ನಿಮ್ಮಂಥ ದಿನದ ಲೆಕ್ಕಕ್ಕೆ ಅತಿ ಸರಳ ದಾರಿ, ಟ್ರಾನ್ಸಾಕ್ಷನ್ ಶುರು ಮಾಡಿ, ಆ ತಾರೀಕಿನ ಸಾಲುಗಳನ್ನು ಡಿಲೀಟ್ ಮಾಡಿ, ಸ್ಟೇಜಿಂಗ್‌ನಿಂದ ಇನ್ಸರ್ಟ್ ಮಾಡಿ, ಕಮಿಟ್ ಮಾಡುವುದು. ಲೂಪ್ ಬೇಡವೇ ಬೇಡ. ಎಲ್ಲ ಅಂಗಡಿಗಳೂ ಒಂದೇ ಇನ್ಸರ್ಟ್‌ನಲ್ಲಿ ಹೋಗಲಿ. ಬಿಲ್ ನಂಬರ್ ಮತ್ತು ಅಂಗಡಿ ಸೇರಿಸಿ ಒಂದು ಯೂನಿಕ್ ಇಂಡೆಕ್ಸ್ ಹಾಕಿ. ಮುಂದೆ ಯಾರಾದರೂ ತಪ್ಪು ಮಾಡಿದರೂ ಡೇಟಾಬೇಸೇ ತಡೆಯುತ್ತದೆ.

ಮರ್ಜ್ (ಸಾಲು ಇದ್ದರೆ ತಿದ್ದಿ, ಇಲ್ಲದಿದ್ದರೆ ಸೇರಿಸುವ ಆದೇಶ) ಬಳಸಬಹುದಲ್ಲ ಅಂತ ಕೇಳಬಹುದು. ಬಳಸಬಹುದು, ಆದರೆ ಇಲ್ಲಿ ನಾನು ಬಳಸುವುದಿಲ್ಲ. ಎರಡು ರನ್ ಏಕಕಾಲಕ್ಕೆ ಬಂದರೆ ಹೋಲ್ಡ್‌ಲಾಕ್ (ಮುಗಿಯುವವರೆಗೆ ಬೀಗ ಹಿಡಿದಿಡುವ ಸೂಚನೆ) ಇಲ್ಲದ ಮರ್ಜ್ ಡೂಪ್ಲಿಕೇಟ್ ಕೀ ಎರರ್ ಕೊಡಬಹುದು. ಮೂಲದಲ್ಲಿ ರದ್ದಾದ ಬಿಲ್ಲನ್ನು ತೆಗೆಯಲು ಇನ್ನೊಂದು ಷರತ್ತು ಬರೆಯಬೇಕು. ಡಿಲೀಟ್-ಇನ್ಸರ್ಟ್‌ನಲ್ಲಿ ಅದು ತಾನಾಗಿ ಆಗುತ್ತದೆ.

ಟ್ರಾನ್ಸಾಕ್ಷನ್ ಜೊತೆಗೆ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಎಕ್ಸ್‌ಆಕ್ಟ್ ಅಬಾರ್ಟ್ (ಎರರ್ ಬಂದರೆ ಇಡೀ ಟ್ರಾನ್ಸಾಕ್ಷನ್ ರದ್ದು ಮಾಡುವ ಸೆಟ್ಟಿಂಗ್) ಆನ್ ಮಾಡಿ. ಸಾಮಾನ್ಯವಾಗಿ ಇದು ಆಫ್ ಇರುತ್ತದೆ. ಆಫ್ ಇದ್ದಾಗ ಹಲವು ರನ್‌ಟೈಮ್ ಎರರ್‌ಗಳಲ್ಲಿ ಆ ಒಂದು ಸ್ಟೇಟ್‌ಮೆಂಟ್ ಮಾತ್ರ ರದ್ದಾಗಿ, ಮುಂದಿನ ಸ್ಟೇಟ್‌ಮೆಂಟ್ ಓಡುತ್ತಲೇ ಇರುತ್ತದೆ, ಕೊನೆಯ ಕಮಿಟ್ ಕೂಡ! ಡಿಲೀಟ್ ಆಯಿತು, ಇನ್ಸರ್ಟ್ ಬಿತ್ತು, ಕಮಿಟ್ ಆಯಿತು ಅನ್ನುವುದಕ್ಕಿಂತ ಕೆಟ್ಟ ಸ್ಥಿತಿ ಇನ್ನೇನಿದೆ? ಟೈಮ್‌ಔಟ್ ಆಗಿ ಪೈಪ್‌ಲೈನ್ ಕಡೆಯಿಂದ ಕೈಬಿಟ್ಟಾಗಲೂ ಇದು ಆನ್ ಇದ್ದರೆ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗುತ್ತದೆ, ಅಂದರೆ ಅದರಲ್ಲಿ ಮಾಡಿದ್ದೆಲ್ಲ ರದ್ದಾಗುತ್ತದೆ. ಆಫ್ ಇದ್ದರೆ ತೆರೆದ ಟ್ರಾನ್ಸಾಕ್ಷನ್ ಲಾಕ್ ಹಿಡಿದುಕೊಂಡು ಹಾಗೇ ನಿಂತಿರಬಹುದು.

ಇಷ್ಟಾದ ಮೇಲೂ ಒಂದು ಕಿಂಡಿ ಉಳಿಯುತ್ತದೆ. ಡೇಟಾಬೇಸ್ ಕಮಿಟ್ ಮಾಡಿತು, 'ಆಯಿತು' ಅನ್ನುವ ಉತ್ತರ ಪೈಪ್‌ಲೈನ್‌ಗೆ ತಲುಪುವ ಮೊದಲೇ ನೆಟ್‌ವರ್ಕ್ ಹೋಯಿತು. ಪೈಪ್‌ಲೈನ್ ದೃಷ್ಟಿಯಲ್ಲಿ ಫೇಲ್, ಡೇಟಾಬೇಸ್ ದೃಷ್ಟಿಯಲ್ಲಿ ಪಾಸ್. ಇದನ್ನು ಯಾವ ಸೆಟ್ಟಿಂಗ್‌ನಿಂದಲೂ ಮುಚ್ಚಲು ಆಗುವುದಿಲ್ಲ. ಮತ್ತೆ ಓಡಿದರೂ ಕೆಡದಂತೆ ಬರೆಯುವುದೇ ದಾರಿ. ಹಾಗೆ ಬರೆದ ಮೇಲೆ ರಿಟ್ರೈ 2 ಇಡಿ, 3 ಇಡಿ, ಭಯವಿಲ್ಲ.

ಮೂರನೆಯದು, ಮೂರು ಅಂಗಡಿಗಳು ಮಾಯವಾದ ದಿನ. ಇಲ್ಲಿ ನನ್ನ ಅನುಮಾನ ನೇರವಾಗಿ ನಿಮ್ಮ ಕ್ಯಾಚ್ ಬ್ಲಾಕ್ ಮೇಲೆ. ಅದು ಎರರ್ ಹಿಡಿದು, ಲಾಗ್ ಟೇಬಲ್‌ಗೆ ಬರೆದು, ಸುಮ್ಮನಾಗುತ್ತದೆ. ಕ್ಯಾಚ್ ಒಳಗೆ ಹಿಡಿದ ಎರರ್ ಹೊರಗೆ ಹೋಗುವುದಿಲ್ಲ. ಪೈಪ್‌ಲೈನ್‌ಗೆ ಕೇಳಿಸುವುದು 'ಸ್ಕ್ರಿಪ್ಟ್ ಮುಗಿಯಿತು' ಅನ್ನುವುದಷ್ಟೇ. ಅದಕ್ಕೇ ಹಸಿರು. ನಿಮ್ಮ ಲಾಗ್ ಟೇಬಲ್ ಯಾರೂ ಬೀಗ ತೆಗೆಯದ ದೂರು ಪೆಟ್ಟಿಗೆ ಆಗಿದೆ. ಇವತ್ತೇ ಅದನ್ನು ತೆರೆದು ನೋಡಿ. ಆ ಮೂರು ಅಂಗಡಿಗಳ ಎರರ್ ಅಲ್ಲೇ ಇರುವ ಸಾಧ್ಯತೆ ಹೆಚ್ಚು.

ಕ್ಯಾಚ್‌ನಲ್ಲಿ ಕ್ರಮ ಮುಖ್ಯ. ಮೊದಲು ರೋಲ್‌ಬ್ಯಾಕ್, ಆಮೇಲೆ ಲಾಗ್, ಕೊನೆಗೆ ಥ್ರೋ, ಅಂದರೆ ಎರರ್ ಅನ್ನು ಹೊರಗೆ ಪೈಪ್‌ಲೈನ್‌ಗೆ ಎಸೆಯುವುದು. ಲಾಗ್ ಮೊದಲು ಬರೆದು ಆಮೇಲೆ ರೋಲ್‌ಬ್ಯಾಕ್ ಮಾಡಿದರೆ ಲಾಗ್ ಸಾಲೂ ರದ್ದಾಗುತ್ತದೆ. ಎಕ್ಸ್‌ಆಕ್ಟ್ ಅಬಾರ್ಟ್ ಆನ್ ಇದ್ದರೆ ರೋಲ್‌ಬ್ಯಾಕ್‌ಗೆ ಮೊದಲು ಬರೆಯಲು ಬಿಡುವುದೂ ಇಲ್ಲ. ಥ್ರೋ ಎಸ್‌ಕ್ಯೂಎಲ್ ಸರ್ವರ್ 2012ರಿಂದ ಇದೆ. ಅದರ ಹಿಂದಿನ ಸ್ಟೇಟ್‌ಮೆಂಟ್ ಸೆಮಿಕೋಲನ್‌ನಿಂದ ಮುಗಿದಿರಬೇಕು. ರೋಲ್‌ಬ್ಯಾಕ್ ಟ್ರಾನ್ಸಾಕ್ಷನ್ ಅಂತ ಬರೆದು ಸೆಮಿಕೋಲನ್ ಮರೆತು ಮುಂದಿನ ಸಾಲಿಗೆ ಥ್ರೋ ಹಾಕಿದರೆ, 'ಥ್ರೋ' ಅನ್ನುವುದು ಟ್ರಾನ್ಸಾಕ್ಷನ್‌ನ ಹೆಸರು ಅಂತ ಸರ್ವರ್ ತಿಳಿದುಕೊಳ್ಳುತ್ತದೆ! ಆಗ ಬರುವ ಎರರ್ ನೋಡಿ ಅರ್ಧ ದಿನ ತಲೆ ಕೆರೆದುಕೊಂಡವರನ್ನು ನಾನು ಕಂಡಿದ್ದೇನೆ.

ಕಮಿಟ್‌ಗೆ ಮೊದಲು ಒಂದು ತಾಳೆ ನೋಡುವ ಹೆಜ್ಜೆಯನ್ನೂ ಸೇರಿಸಿ. ಸ್ಟೇಜಿಂಗ್‌ನಲ್ಲಿ ಆ ತಾರೀಕಿಗೆ ಎಷ್ಟು ಅಂಗಡಿ, ಎಷ್ಟು ಬಿಲ್, ಒಟ್ಟು ಎಷ್ಟು ರೂಪಾಯಿ? ಮುಖ್ಯ ಟೇಬಲ್‌ನಲ್ಲಿ ಎಷ್ಟು? ಹೊಂದದಿದ್ದರೆ 50000 ಅಥವಾ ಅದಕ್ಕೂ ಮೇಲಿನ ನಂಬರ್ ಹಾಕಿ ನೀವೇ ಥ್ರೋ ಮಾಡಿ, ಅದಕ್ಕಿಂತ ಕೆಳಗಿನ ನಂಬರ್ ನಡೆಯುವುದಿಲ್ಲ. ಸ್ಟೇಜಿಂಗ್‌ನಲ್ಲಿ ಆ ದಿನಕ್ಕೆ ಸಾಲೇ ಇಲ್ಲದಿದ್ದರೂ ಥ್ರೋ ಮಾಡಿ. ಇಲ್ಲದಿದ್ದರೆ ಡಿಲೀಟ್ ಆಗಿ, ಖಾಲಿ ಇನ್ಸರ್ಟ್ ಆಗಿ, ಹಸಿರು ಟಿಕ್ ಜೊತೆಗೆ ಒಂದು ದಿನವೇ ಅಳಿಸಿ ಹೋಗುತ್ತದೆ. ಡಿಲೀಟ್-ಇನ್ಸರ್ಟ್ ವಿಧಾನದ ದೊಡ್ಡ ಅಪಾಯ ಇದೇ. ಸೂಪರ್‌ಮಾರ್ಕೆಟ್‌ನಲ್ಲಿ ಒಂದೂ ಬಿಲ್ ಇಲ್ಲದ ದಿನ ಅಪರೂಪ. ಬಂದ್ ಇದ್ದ ದಿನ ಒಬ್ಬರು ಕೈಯಾರೆ ಒಪ್ಪಿಗೆ ಕೊಡಲಿ.

ಇನ್ನು ಎಲ್ಲಿ ಬರೆಯಬೇಕು ಅನ್ನುವ ಜಗಳಕ್ಕೆ ಬರೋಣ.

ಪೈಪ್‌ಲೈನ್‌ನ ಸ್ಕ್ರಿಪ್ಟ್ ಆಕ್ಟಿವಿಟಿಯಲ್ಲಿ (ಆಕ್ಟಿವಿಟಿ ಅಂದರೆ ಪೈಪ್‌ಲೈನ್‌ನ ಒಂದು ಹೆಜ್ಜೆ) ಎಸ್‌ಕ್ಯೂಎಲ್ ಓಡಿಸುವುದು ತಪ್ಪೇನಲ್ಲ. ಡೇಟಾ ಫ್ಯಾಕ್ಟರಿಗೆ ಅದು ಬಂದದ್ದು 2022ರಲ್ಲಿ. ಅದಕ್ಕೆ ಮೊದಲು ಜನ ಲುಕಪ್ ಆಕ್ಟಿವಿಟಿಯಲ್ಲಿ ಅಪ್‌ಡೇಟ್ ಬರೆದು, ಕೊನೆಗೆ ಸುಮ್ನೆ 'ಸೆಲೆಕ್ಟ್ 1' ಸೇರಿಸಿ ಓಡಿಸುತ್ತಿದ್ದರು, ಯಾಕೆಂದರೆ ಲುಕಪ್‌ಗೆ ಒಂದು ರಿಸಲ್ಟ್ ಬೇಕೇ ಬೇಕು. ನಿಮ್ಮಲ್ಲಿ ಆ ಹಳೆಯ ಉಪಾಯ ಇನ್ನೂ ಎಲ್ಲಾದರೂ ಉಳಿದಿದ್ದರೆ ತೆಗೆಯಿರಿ. ಲುಕಪ್ ಇರುವುದು ಪುಟ್ಟ ಪಟ್ಟಿ ಓದಲು. 5000 ಸಾಲು ಮೀರಿದರೆ ಮೊದಲ 5000 ಮಾತ್ರ ಕೊಡುತ್ತದೆ, ಫೇಲ್ ಆಗುವುದಿಲ್ಲ. ಇದೂ ಒಂದು ಹಸಿರು ಮೋಸ.

ಎರಡು ಸಾಲಿನ ಕೆಲಸ, ಉದಾಹರಣೆಗೆ ರನ್ ಶುರುವಾಯಿತು ಅಂತ ಗುರುತು ಹಾಕುವುದು, ಸ್ಕ್ರಿಪ್ಟ್ ಆಕ್ಟಿವಿಟಿಯಲ್ಲೇ ಇರಲಿ. ನಿಮ್ಮ ಮುಖ್ಯ ಲೋಡ್ ಮಾತ್ರ ಸ್ಟೋರ್ಡ್ ಪ್ರೊಸೀಜರ್‌ಗೆ ಹೋಗಲಿ ಅಂತ ನಾನೂ ಹೇಳುವೆ. ಸೀನಿಯರ್ ಹೇಳಿದ್ದು ಸರಿ, ಕಾರಣ ಮಾತ್ರ ಬೇರೆ. ಪ್ರೊಸೀಜರ್ ಆದರೆ ತಾರೀಕನ್ನು ಪ್ಯಾರಾಮೀಟರ್ ಆಗಿ ಪಡೆಯುವುದು ಸಹಜ, ಪೈಪ್‌ಲೈನ್ ಇಲ್ಲದೆಯೂ ಪರೀಕ್ಷೆ ಮಾಡಬಹುದು, ಗಿಟ್‌ನಲ್ಲಿ ಬದಲಾವಣೆ ಸ್ವಚ್ಛವಾಗಿ ಕಾಣುತ್ತದೆ. ಪೈಪ್‌ಲೈನ್ ಒಳಗಿನ ಸ್ಕ್ರಿಪ್ಟ್ ಜೇಸನ್ ಫೈಲ್‌ನಲ್ಲಿ ಒಂದೇ ಉದ್ದ ಸಾಲಾಗಿ ಕುಳಿತಿರುತ್ತದೆ, ಯಾರು ಏನು ಬದಲಾಯಿಸಿದರು ಅಂತ ಓದುವುದೇ ಶಿಕ್ಷೆ. ಅನುಮತಿಯ ಲಾಭವೂ ಇದೆ. ಪೈಪ್‌ಲೈನ್‌ನ ಐಡೆಂಟಿಟಿಗೆ ಆ ಪ್ರೊಸೀಜರ್ ಓಡಿಸುವ ಅನುಮತಿ ಕೊಟ್ಟರೆ ಸಾಕು, ಟೇಬಲ್ ಮೇಲೆ ನೇರ ಹಕ್ಕು ಬೇಡ. ಟ್ರಂಕೇಟ್ (ಟೇಬಲ್ ಒಮ್ಮೆಲೇ ಖಾಲಿ ಮಾಡುವ ಆದೇಶ) ಇದಕ್ಕೆ ಅಪವಾದ, ಅದು ಟೇಬಲ್ ಮೇಲೆ ಆಲ್ಟರ್ (ಬದಲಾಯಿಸುವ) ಹಕ್ಕು ಕೇಳುತ್ತದೆ. ಅದಕ್ಕಾಗಿ ಪೈಪ್‌ಲೈನ್‌ ಅನ್ನು ಡಿಬಿ ಓನರ್ ಮಾಡಿಬಿಡುವುದು ಎಲ್ಲ ಕಡೆ ಕಾಣುವ ಸೋಮಾರಿತನ. ಸ್ಟೇಜಿಂಗ್ ಟೇಬಲ್‌ಗಳನ್ನು ಬೇರೆ ಸ್ಕೀಮಾದಲ್ಲಿಟ್ಟು, ಅಲ್ಲಿಗೆ ಮಾತ್ರ ಆಲ್ಟರ್ ಕೊಡಿ.

ಸ್ಟೇಜಿಂಗ್ ಖಾಲಿ ಮಾಡುವ ಟ್ರಂಕೇಟ್‌ ಕಾಪಿಯ ಪ್ರೀ-ಕಾಪಿ ಸ್ಕ್ರಿಪ್ಟ್‌ನಲ್ಲಿ ಇರಲಿ. ರಿಟ್ರೈ ಆದಾಗ ಮತ್ತೆ ಖಾಲಿಯಿಂದ ಶುರುವಾಗುತ್ತದೆ. ಆದರೆ ಜನ ನೋಡುತ್ತಿರುವ ಮುಖ್ಯ ಟೇಬಲ್‌ ಅನ್ನು ಎಂದೂ ಹೀಗೆ ಖಾಲಿ ಮಾಡಬೇಡಿ. ಪ್ರೀ-ಕಾಪಿ ಸ್ಕ್ರಿಪ್ಟ್ ಮತ್ತು ಕಾಪಿ ಒಂದೇ ಟ್ರಾನ್ಸಾಕ್ಷನ್ ಅಲ್ಲ. ಕಾಪಿ ಬಿದ್ದರೆ ಖಾಲಿ ಟೇಬಲ್ ಖಾಲಿಯಾಗಿಯೇ ಉಳಿಯುತ್ತದೆ.

ಕನ್ಸಲ್ಟೆಂಟ್ ಹೇಳಿದ ಡೇಟಾ ಫ್ಲೋ ಕೆಟ್ಟದ್ದಲ್ಲ. ಹಲವು ಬಗೆಯ ಫೈಲ್‌ಗಳನ್ನು ಬೆಸೆಯಬೇಕಾದಾಗ ಅದು ಅನುಕೂಲ. ಆದರೆ ಅದು ಹಿಂದೆ ಸ್ಪಾರ್ಕ್ ಕ್ಲಸ್ಟರ್ (ದೊಡ್ಡ ಡೇಟಾ ಸಂಸ್ಕರಿಸುವ ಯಂತ್ರಗಳ ಗುಂಪು) ಎಬ್ಬಿಸುತ್ತದೆ, ಏಳಲು ಕೆಲವು ನಿಮಿಷ, ಅದಕ್ಕೆ ಬಿಲ್ ಬೇರೆ. ನಿಮ್ಮದು ಒಂದೇ ಡೇಟಾಬೇಸ್ ಒಳಗೆ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗುವ ಕೆಲಸ. ಡೇಟಾವನ್ನು ಹೊರಗೆ ತೆಗೆದು ಮತ್ತೆ ಒಳಗೆ ಹಾಕಲು ದುಡ್ಡು ಯಾಕೆ ಕೊಡಬೇಕು? ಮುಂದೆ ಇಂಥ ರೂಪಾಂತರಗಳು ಹತ್ತಾರು ಆದರೆ ಎಸ್‌ಕ್ಯೂಎಲ್ ರೂಪಾಂತರಗಳನ್ನು ನಿರ್ವಹಿಸುವ ಡಿಬಿಟಿಯಂಥ ಸಾಧನದತ್ತ ನೋಡಿ. ಈಗ ಬೇಡ.

ಸ್ಕ್ರಿಪ್ಟ್‌ ಅನ್ನು ಮ್ಯಾನೇಜ್‌ಮೆಂಟ್ ಸ್ಟುಡಿಯೋದಿಂದ (ಎಸ್‌ಕ್ಯೂಎಲ್ ಬರೆದು ಓಡಿಸುವ ಮೈಕ್ರೋಸಾಫ್ಟ್ ತಂತ್ರಾಂಶ) ಪೈಪ್‌ಲೈನ್‌ಗೆ ಅಂಟಿಸುವವರಿಗೆ ಇನ್ನೆರಡು ಮಾತು. 'ಗೋ' ಅನ್ನುವುದು ಎಸ್‌ಕ್ಯೂಎಲ್ ಆದೇಶವೇ ಅಲ್ಲ. ಬ್ಯಾಚ್ ಎಲ್ಲಿ ಮುಗಿಯಿತು ಅಂತ ಸ್ಟುಡಿಯೋಗೆ ಹೇಳುವ ಗುರುತು ಅದು. ಪೈಪ್‌ಲೈನ್‌ನಲ್ಲಿ ಅದೇ ಸಾಲು ಸಿಂಟ್ಯಾಕ್ಸ್ ಎರರ್ ಆಗುತ್ತದೆ. ಇನ್ನೊಂದು, ತಾತ್ಕಾಲಿಕ ಟೇಬಲ್‌ಗಳು ಒಂದು ಆಕ್ಟಿವಿಟಿಯಿಂದ ಇನ್ನೊಂದಕ್ಕೆ ಉಳಿಯುತ್ತವೆ ಅಂತ ನಂಬಬೇಡಿ. ಪ್ರತಿ ಆಕ್ಟಿವಿಟಿಗೂ ತನ್ನದೇ ಸೆಷನ್.

ಅಂಗಡಿ ಹೆಸರನ್ನು ಕ್ವೆರಿಯಲ್ಲಿ ಸ್ಟ್ರಿಂಗ್ ಜೋಡಿಸಿ ಕಟ್ಟುತ್ತಿದ್ದೀರಾ? ಮಂಗಳೂರಿನವರಿಗೆ ಇದರ ಅಪಾಯ ಬೇಗ ಅರ್ಥವಾಗುತ್ತದೆ. 'ಡಿ'ಸೋಜಾ ಸ್ಟೋರ್ಸ್' ಅಂತ ಒಂದು ಶಾಖೆ ಬಂದ ದಿನ ನಡುವಿನ ಆ ಒಂದು ಅಪಾಸ್ಟ್ರಫಿ (') ಕ್ವೆರಿಯನ್ನು ಮುರಿಯುತ್ತದೆ. ಬೇಕಂತಲೇ ಕಿಡಿಗೇಡಿತನ ಮಾಡುವವರಿಗೂ ಅದೇ ಬಾಗಿಲು. ಪ್ಯಾರಾಮೀಟರ್ ಬಳಸಿ. ಹೆಸರು ಕನ್ನಡದಲ್ಲಿದ್ದರೆ ಕಾಲಂ ಎನ್‌ವಾರ್‌ಕ್ಯಾರ್ (ಎಲ್ಲ ಭಾಷೆಯ ಅಕ್ಷರ ಹಿಡಿಯುವ ಬಗೆ) ಇರಲಿ, ಸ್ಕ್ರಿಪ್ಟ್‌ನಲ್ಲಿ ಬರೆದ ಕನ್ನಡ ಅಕ್ಷರಗಳ ಮುಂದೆ 'ಎನ್' ಇರಲಿ. ಇಲ್ಲದಿದ್ದರೆ ಸಾಮಾನ್ಯ ಕೊಲೇಶನ್‌ನಲ್ಲಿ (ಡೇಟಾಬೇಸ್‌ನ ಅಕ್ಷರ ಸೆಟ್ಟಿಂಗ್) ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕೂರುತ್ತವೆ.

ಅಂಗಡಿಗಳ ಮೂಲ ಡೇಟಾಬೇಸ್‌ನಿಂದ ಓದುವಾಗ ನೋಲಾಕ್ (ಬೀಗಕ್ಕೆ ಕಾಯದೆ ಓದುವ ಸೂಚನೆ) ಬಳಸುತ್ತಿದ್ದರೆ ಅದನ್ನೂ ತೆಗೆಯಿರಿ. ಅದು ಕಮಿಟ್ ಆಗದ ಬಿಲ್ ಓದುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಕಮಿಟ್ ಆದ ಸಾಲನ್ನೇ ಬಿಟ್ಟುಬಿಡಬಹುದು, ಅಥವಾ ಎರಡು ಸಲ ಓದಬಹುದು ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ನಸುಕಿನ 1:30ಕ್ಕೆ ಬಿಲ್ಲಿಂಗ್ ನಡೆಯುವುದಿಲ್ಲ, ಹಾಗಾಗಿ ನಿಮಗೆ ಅದರ ಅಗತ್ಯವೂ ಇಲ್ಲ. ಬೆಳಿಗ್ಗೆ ಹತ್ತಕ್ಕೆ ರೀರನ್ ಮಾಡುವಾಗ ಮಾತ್ರ ಕೌಂಟರ್‌ಗಳು ತೆರೆದಿರುತ್ತವೆ, ಅಪಾಯ ಇರುವುದೂ ಆಗಲೇ. ಅದೇ ಹೊತ್ತಿಗೆ ಇನ್ನೊಂದು ರನ್ ಶುರುವಾಗದಂತೆ ಪೈಪ್‌ಲೈನ್‌ನ ಕನ್‌ಕರೆನ್ಸಿ 1 ಇಡಿ.

ಹಳೆಯ ಲೆಕ್ಕ ಸರಿಪಡಿಸುವ ಕೆಲಸ ಉಳಿಯಿತು. ಇದನ್ನು ಮೊದಲು ಮಾಡಿ, ಹೊಸ ಪ್ರೊಸೀಜರ್ ಆಮೇಲೆ ಬರೆದರಾಯಿತು. ಅಜೂರ್‌ಗೆ ಹೋದ ದಿನದಿಂದ ಇವತ್ತಿನವರೆಗೆ, ತಾರೀಕು ಮತ್ತು ಅಂಗಡಿವಾರು ಬಿಲ್‌ಗಳ ಸಂಖ್ಯೆ ಹಾಗೂ ಮೊತ್ತವನ್ನು ಅಂಗಡಿಗಳ ಡೇಟಾಬೇಸ್ ಮತ್ತು ಮುಖ್ಯ ಟೇಬಲ್, ಎರಡೂ ಕಡೆಯಿಂದ ತೆಗೆದು ಹೋಲಿಸಿ. ನೀವು ಬೆಳಿಗ್ಗೆ 5:30ರ ನಂತರ ರೀರನ್ ಮಾಡಿದ ಪ್ರತಿ ಸಲವೂ ಒಂದು ದಿನ ಕಾಣೆ, ಅದರ ಮರುದಿನ ಡಬಲ್ ಅನ್ನುವ ಜೋಡಿ ಸಿಗಬೇಕು. ಮೂಲ ಬಿಲ್ಲುಗಳು ಅಂಗಡಿಗಳ ಡೇಟಾಬೇಸ್‌ನಲ್ಲಿ ಇದ್ದೇ ಇರುತ್ತವೆ, ಕಾಣೆಯಾದ ದಿನಗಳನ್ನು ಅಲ್ಲಿಂದ ತರಬಹುದು. ಯಾವ ದಿನ ಎಷ್ಟು ಗಂಟೆಗೆ ರೀರನ್ ಆಯಿತು ಅಂತ ನೋಡಲು ಡೇಟಾ ಫ್ಯಾಕ್ಟರಿಯ ಮಾನಿಟರ್ ಪುಟ ಬೇಕು. ಆದರೆ ಅದು ರನ್‌ಗಳ ವಿವರವನ್ನು 45 ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಲಾಗ್ ಅನಾಲಿಟಿಕ್ಸ್‌ಗೆ (ಅಜೂರ್‌ನ ಲಾಗ್ ಸಂಗ್ರಹ) ಕಳಿಸುವ ವ್ಯವಸ್ಥೆ ನೀವು ಮಾಡಿಲ್ಲದಿದ್ದರೆ, ಕಳೆದ ತಿಂಗಳ 10ನೇ ತಾರೀಕಿನ ದಾಖಲೆ ಇನ್ನು ಕೆಲವೇ ದಿನ ಇರುತ್ತದೆ. ಇವತ್ತೇ ಇಳಿಸಿಕೊಳ್ಳಿ.